ಬಾಗಿಲಲ್ಲಿ ನಿಂತವನ ಉತ್ತರ

ಬೆಳಿಗ್ಗೆ ಫೋನ್ ಕೈಗೆತ್ತಿಕೊಂಡರೆ ಮೊದಲು ಒಂದು ಗುಲಾಬಿ ಹೂವು, ಅದರ ಕೆಳಗೆ ಶುಭೋದಯ, ಅದರ ಕೆಳಗೆ ಯಾರದೋ ಕಾಲು ತುಂಡಾದ ಪ್ರಕರಣದ ತೀರ್ಪು, ತೀರ್ಪಿನ ಕೆಳಗೆ ಸಾಲಾಗಿ ಮೇಲೆತ್ತಿದ ಹೆಬ್ಬೆರಳುಗಳು. ಅಪಘಾತ ಪರಿಹಾರದ ಕೇಸು ನಡೆಸುವ ನಮ್ಮ ಕಡೆಯ ವಕೀಲರ ವಾಟ್ಸಾಪ್ ಗುಂಪು ಹೀಗಿತ್ತು. ಠಾಣೆ, ಡೊಂಬಿವಲಿ, ಕಲ್ಯಾಣ, ವಾಶಿ, ಬೇಲಾಪುರ, ಲೋಕಲ್ ಗಾಡಿ ನಿಲ್ಲುವಲ್ಲೆಲ್ಲ ಅದಕ್ಕೆ ಸದಸ್ಯರಿದ್ದರು. ಅವರಲ್ಲಿ ತೀರ್ಪನ್ನು ಪೂರ್ತಿ ಓದಿದವರು ಎಷ್ಟು ಜನ ಎಂದು ಮಾತ್ರ ಕೇಳಬೇಡಿ. ಹೆಬ್ಬೆರಳು ಎತ್ತಲು ಓದಬೇಕೆಂದೇನೂ ಇಲ್ಲ. ನಾನು ಆ ಗುಂಪು ಬಿಟ್ಟು ವರ್ಷಗಳಾದವು. ಈಗಲೂ ಕೋರ್ಟಿನ ಕ್ಯಾಂಟೀನಿನಲ್ಲಿ ಯಾರಾದರೂ ಮತ್ತೆ ಸೇರಿಸಲೇ ಎಂದು ಕೇಳಿದರೆ ನನಗೆ ಮೈ ಉರಿಯುತ್ತದೆ.

ಗುಂಪು ಕಟ್ಟಿದವರು ನಾನು ಕೈಕೆಳಗೆ ಕೆಲಸ ಮಾಡುತ್ತಿದ್ದ ಸೀನಿಯರು. ಉಡುಪಿ ಕಡೆಯವರು, ನಮ್ಮವರೇ. ನನ್ನ ತಂದೆ ಡೊಂಬಿವಲಿಯ ಒಂದು ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಕೂತು ನನ್ನನ್ನು ಲಾ ಓದಿಸಿದರು. ಅಲ್ಲಿಗೆ ಚಹಾ ಕುಡಿಯಲು ಬರುತ್ತಿದ್ದ ಇವರ ಬಳಿ ಒಂದು ಮಾತು ಹಾಕಿ ನನ್ನನ್ನು ಸೇರಿಸಿದ್ದೂ ತಂದೆಯೇ. ಕಚೇರಿ ಠಾಣೆಯ ಕೋಪರಿಯಲ್ಲಿ, ಸ್ಟೇಷನ್ನಿಗೆ ಎಷ್ಟು ಹತ್ತಿರವೆಂದರೆ ಪ್ಲಾಟ್‌ಫಾರ್ಮಿನ ಘೋಷಣೆ ಮುಗಿಯುವವರೆಗೆ ಫೋನಿನಲ್ಲಿ ಮಾತು ನಿಲ್ಲಿಸಬೇಕು. ಸೀನಿಯರಿಗೆ ಕಂಪ್ಯೂಟರಿನ ಹುಚ್ಚು. ವಕೀಲಿಯಲ್ಲಿ ಅವರ ವಯಸ್ಸಿನವರು ಇಮೇಲ್ ತೆರೆಯಲು ಮಕ್ಕಳನ್ನು ಕರೆಯುತ್ತಿದ್ದ ಕಾಲದಲ್ಲಿ ಇವರು ತೀರ್ಪುಗಳನ್ನು ಸ್ಕ್ಯಾನ್ ಮಾಡಿ ಊರಿಗೆಲ್ಲ ಕಳಿಸುತ್ತಿದ್ದರು. ಜ್ಞಾನ ಹಂಚಿದಷ್ಟೂ ಹೆಚ್ಚುತ್ತದೆ ಎಂದು ಅವರ ಪ್ರತಿ ಇಮೇಲಿನ ಕೊನೆಗೆ ಇರುತ್ತಿತ್ತು.

ನ್ಯಾಯವಾಗಿ ಹೇಳಬೇಕೆಂದರೆ ಆರಂಭದಲ್ಲಿ ಅದರಿಂದ ಉಪಕಾರವೇ ಆಯಿತು. ರೈಲಿನಿಂದ ಬಿದ್ದು ಸತ್ತವನ ಜೇಬಿನಲ್ಲಿ ಟಿಕೆಟ್ ಸಿಗದ ಕಾರಣಕ್ಕೆ ಒಬ್ಬ ವಿಧವೆಯ ಕೇಸು ಬಿದ್ದುಹೋಗುವುದರಲ್ಲಿತ್ತು. ಕಲ್ಯಾಣದ ಅವಳ ವಕೀಲರು ಗುಂಪಿಗೆ ಬರೆದರು, ಮರುದಿನ ಕೋರ್ಟಿಗೆ ಹೋಗುವ ಮೊದಲೇ ಅವರ ಕೈಯಲ್ಲಿ ತಕ್ಕ ತೀರ್ಪಿತ್ತು. ಅದಕ್ಕಾಗಿ ಒಂದು ದಿನದ ಕೆಲಸ ಬಿಟ್ಟು ಮುಂಬೈ ಫೋರ್ಟಿನ ಲೈಬ್ರರಿಯಲ್ಲಿ ಧೂಳು ತಿನ್ನಬೇಕಾಗಿದ್ದ ಕಾಲವದು. ಅವತ್ತು ನಾನೂ ಸೀನಿಯರನ್ನು ಬಾಯ್ತುಂಬ ಹೊಗಳಿದ್ದೆ.

ಕೆಟ್ಟದ್ದು ಶುರುವಾದದ್ದು ಗುಂಪಿನಲ್ಲಿ ತೀರ್ಪಿನ ಜೊತೆಗೆ ಅಫಿಡವಿಟ್ಟುಗಳೂ ಓಡಾಡತೊಡಗಿದ ಮೇಲೆ. ರೈಲಿನಿಂದ ಬಿದ್ದವರಿಗೆಂದು ಸೀನಿಯರು ಒಂದು ನಮೂನೆ ಬರೆದು ಹಾಕಿದರು. ಗಾಡಿಯಲ್ಲಿ ವಿಪರೀತ ಗರ್ದಿ ಇತ್ತು, ಒಳಗೆ ಹೋಗಲಾಗದೆ ಬಾಗಿಲ ಬಳಿ ನಿಲ್ಲಬೇಕಾಯಿತು, ಗಾಡಿ ಒಮ್ಮೆಲೇ ಜಗ್ಗಿದಾಗ ಆಯ ತಪ್ಪಿ ಬಿದ್ದೆ. ನಮ್ಮ ಲೈನಿನಲ್ಲಿ ಬಿದ್ದವರಲ್ಲಿ ಬಹಳ ಜನರ ಪಾಡು ಇದೇ ಆದ್ದರಿಂದ ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ಹೆಸರು, ಸ್ಟೇಷನ್ನು, ತುಂಡಾದ ಅಂಗ, ಇಷ್ಟನ್ನು ತುಂಬಿದರೆ ಕೆಲಸ ಮುಗಿಯಿತು. ಕೆಲವರಿಗೆ ಅಷ್ಟೂ ತಾಳ್ಮೆ ಇರಲಿಲ್ಲ. ಒಬ್ಬ ಹೆಣ್ಣುಮಗಳ ಅಫಿಡವಿಟ್ಟಿನಲ್ಲಿ 'ನನ್ನ ಹೆಂಡತಿ ಮಕ್ಕಳು ನನ್ನನ್ನೇ ನಂಬಿದ್ದಾರೆ' ಎಂದು ಇದ್ದದ್ದನ್ನು ನಾನೇ ನೋಡಿದ್ದೇನೆ. ಬಿದ್ದವನನ್ನು ಕೂರಿಸಿ ಏನಾಯಿತಪ್ಪಾ ಎಂದು ಕೇಳುವ ಪದ್ಧತಿಯೇ ನಿಂತುಹೋಯಿತು.

ಆ ದಿನಗಳಲ್ಲಿ ನಮ್ಮ ಕಚೇರಿಗೆ ಬಂದವರು ವಿಜಯಪುರ ಕಡೆಯ ಒಬ್ಬರು ಕಟ್ಟಡ ಕೂಲಿಯವರು. ಗಂಡ ಹೆಂಡತಿ ಶಹಾಡಿನ ಒಂದು ಚಾಳಿನಲ್ಲಿ ಇದ್ದು ಬದಲಾಪುರದ ಬಿಲ್ಡಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಒಂದು ಭಾನುವಾರ ಹೆಂಡತಿ ಮನೆಯಲ್ಲಿದ್ದಳು, ಇವರೊಬ್ಬರೇ ಅರ್ಧ ದಿನದ ಕೆಲಸ ಮುಗಿಸಿ ಹಿಂತಿರುಗುವಾಗ ಅಂಬರನಾಥ ದಾಟಿದ ಮೇಲೆ ಗಾಡಿಯಿಂದ ಬಿದ್ದು ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಪಾಸು ಕಿಸೆಯಲ್ಲೇ ಸಿಕ್ಕಿತ್ತು. ಅಪಘಾತದ ಬಗ್ಗೆ ಸ್ಟೇಷನ್ ಮಾಸ್ತರರ ಮೆಮೊ ಇತ್ತು. ಇದಕ್ಕಿಂತ ಸರಳವಾದ ಕೇಸು ಸಿಗುವುದು ಕಷ್ಟ.

ನನ್ನ ಕೈಗೆ ಆ ಫೈಲು ಬಂದದ್ದು ಅಫಿಡವಿಟ್ ಸಲ್ಲಿಕೆಯಾದ ಮೇಲೆ, ಪಾಟೀಸವಾಲಿಗೆ ಸಾಕ್ಷಿಯನ್ನು ಸಿದ್ಧಮಾಡುವ ಹೊತ್ತಿಗೆ. ಸೀನಿಯರು ಫೈಲನ್ನು ನನ್ನ ಮೇಜಿನ ಮೇಲೆ ಹಾಕಿ, ಆ ಘಟ್ಟದ ಮೇಲಿನವರ ಕನ್ನಡ ತನಗೆ ತಲೆಬುಡ ಅರ್ಥವಾಗುವುದಿಲ್ಲ, ನೀನು ಒಮ್ಮೆ ಮಾತಾಡು ಎಂದರು. ನನಗೂ ಮೊದಮೊದಲು ಅರ್ಧ ಮಾತ್ರ ತಿಳಿಯುತ್ತಿತ್ತು. ಆದರೆ ನಾನು ಮತ್ತೆ ಮತ್ತೆ ಕೇಳಿದೆ, ಅವರು ಬೇಸರಿಸದೆ ಮತ್ತೆ ಮತ್ತೆ ಹೇಳಿದರು. ಗಂಡ ಹೇಳಿದ್ದು ನನಗೆ ತಿಳಿಯದಿದ್ದರೆ ಹೆಂಡತಿ ಅದನ್ನೇ ಹಿಂದಿ ಬೆರೆಸಿ ಬಿಡಿಸಿ ಹೇಳುತ್ತಿದ್ದಳು.

ಪರಿಹಾರ ಬಂದರೆ ಏನು ಮಾಡಬೇಕೆಂದು ಅವರು ಆಗಲೇ ನಿಶ್ಚಯಿಸಿದ್ದರು. ಶಹಾಡ್ ಸ್ಟೇಷನ್ನಿನ ಹೊರಗೆ ಒಂದು ಚಿಕ್ಕ ಅಂಗಡಿ ಗಾಳೆ ಹಿಡಿದು ಖಾನಾವಳಿ ಹಾಕುವುದು. ಆ ಸುತ್ತಿನ ಕಾರ್ಖಾನೆಗಳಲ್ಲಿ ಅವರ ಕಡೆಯ ಹಮಾಲರು ಬೇಕಾದಷ್ಟು ಇದ್ದರು, ಜೋಳದ ರೊಟ್ಟಿಗೆ ಬರಗಾಲ. ಹೆಂಡತಿ ರೊಟ್ಟಿ ಬಡಿಯುವುದು, ಇವರು ಕೂತಲ್ಲೇ ಬಡಿಸುವುದು. ಕಾಲು ಹೋದ ದಿನದಿಂದ ಆಕೆ ಒಬ್ಬಳೇ ಸೈಟಿನಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಬೆನ್ನುನೋವಿಗೆ ದಿನಾ ಗುಳಿಗೆ ನುಂಗುತ್ತಿದ್ದಳು. ಅವಳನ್ನು ಆ ಕೆಲಸದಿಂದ ಬಿಡಿಸಬೇಕು, ಅವರಿಗೆ ಬೇಕಾಗಿದ್ದದ್ದು ಇಷ್ಟೇ.

ನಾನು ಅಫಿಡವಿಟ್ಟನ್ನು ಓದಿ ಹೇಳಿದೆ. ಗರ್ದಿಯ ಮಾತು ಬಂದಾಗ ಅವರು ತಲೆ ಅಲ್ಲಾಡಿಸಿದರು. ಗರ್ದಿ ಎಲ್ಲಿತ್ತು? ಭಾನುವಾರ ಮಧ್ಯಾಹ್ನದ ಗಾಡಿ, ಡಬ್ಬಿಯಲ್ಲಿ ಸೀಟುಗಳೆಲ್ಲ ಖಾಲಿ. ಹಾಗಾದರೆ ಇದಕ್ಕೆ ಹೆಬ್ಬೆಟ್ಟು ಯಾಕೆ ಒತ್ತಿದಿರಿ ಎಂದೆ. ಇಂಗ್ಲಿಷಿನಲ್ಲಿ ಬರೆದದ್ದು ತನಗೇನು ಗೊತ್ತು, ಇಲ್ಲಿ ಒತ್ತು ಎಂದರು, ಒತ್ತಿದೆ ಎಂದರು. ಬಾಗಿಲಲ್ಲಿ ಯಾಕೆ ನಿಂತಿರಿ ಎಂದು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರವನ್ನು ನಾನು ಮತ್ತೊಮ್ಮೆ ಹೇಳಿಸಿ ಕೇಳಿದೆ. ಅದನ್ನು ಅವರು ಮುಂದೆ ರೈಲ್ವೆ ಪರಿಹಾರದ ಟ್ರಿಬ್ಯೂನಲ್ಲಿನಲ್ಲೂ ಹೇಳಿದರು, ಅಲ್ಲಿಗೆ ಬಂದಾಗ ಬರೆಯುತ್ತೇನೆ.

ಗಾಡಿಯಿಂದ ಬಿದ್ದವನಿಗೆ ಪರಿಹಾರ ಸಿಗಲು ಗರ್ದಿ ಇರಲೇಬೇಕೆಂದು ಕಾನೂನಿನಲ್ಲಿ ಎಲ್ಲೂ ಹೇಳಿಲ್ಲ. ಪಾಸೋ ಟಿಕೆಟ್ಟೋ ಇರಬೇಕು, ಅಕಸ್ಮಾತ್ತಾಗಿ ಬಿದ್ದಿರಬೇಕು, ಬೇಕೆಂದೇ ಹಾರಿರಬಾರದು, ಅಷ್ಟು ಸಾಕು. ಅವರ ನಿಜವೇ ಅವರಿಗೆ ಧಾರಾಳವಾಗಿ ಸಾಲುತ್ತಿತ್ತು. ಅದರ ಮೇಲೆ ತಂದು ಸುರಿದ ಗರ್ದಿ ಶುದ್ಧ ಸೋಮಾರಿತನ. ನಾನು ಸೀನಿಯರ ಕೋಣೆಗೆ ಹೋಗಿ, ತಿದ್ದಿದ ಅಫಿಡವಿಟ್ ಹಾಕೋಣ ಎಂದೆ.

"ಈಗ ತಿದ್ದಿದ್ರೆ ಮೊದಲಿನದ್ದು ಸುಳ್ಳು ಅಂತ ನಾವೇ ಹೇಳಿದ ಹಾಗೆ ಆಗ್ತದೆ ಮಾರಾಯ್ತಿ," ಎಂದರು. "ಗರ್ದಿ ಇತ್ತು ಅಂತ ಹೇಳ್ಲಿಕ್ಕೆ ಅವನಿಗೆ ಕಲಿಸು, ಸಾಕು."

ಭಾನುವಾರದ ಗಾಡಿ ಎಂದು ಎದುರಿನವರು ಕೇಳುವುದಿಲ್ಲವೇ ಎಂದೆ. ಅಷ್ಟೆಲ್ಲ ಯಾರು ನೋಡುತ್ತಾರೆ ಎಂದು ಫೋನಿನತ್ತ ತಿರುಗಿದರು. ಗುಂಪಿನಲ್ಲಿ ಪನವೇಲದ ಯಾರೋ ಏನೋ ಸಂಶಯ ಕೇಳಿದ್ದರು. ಅವರ ಸಂಶಯ ಪರಿಹರಿಸುವಷ್ಟು ಪುರುಸೊತ್ತು ಇತ್ತು, ತಮ್ಮದೇ ಕಕ್ಷಿದಾರನ ಮಾತು ಕೇಳುವಷ್ಟು ಇರಲಿಲ್ಲ. ನಾನು ಹೊರಗೆ ಬಂದು, ಬೆಂಚಿನ ಮೇಲೆ ಕಾಯುತ್ತಿದ್ದ ಆ ಗಂಡ ಹೆಂಡತಿಗೆ, ಏನಾಯಿತೋ ಅದನ್ನೇ ಹೇಳಿ, ಬೇರೆ ಯಾರು ಏನೇ ಕಲಿಸಿದರೂ ತಲೆಗೆ ಹಾಕಿಕೊಳ್ಳಬೇಡಿ ಎಂದೆ.

ಟ್ರಿಬ್ಯೂನಲ್ಲು ಇರುವುದು ಮುಂಬೈಯಲ್ಲಿ. ರೈಲಿನಿಂದ ಬಿದ್ದವರೆಲ್ಲ ಅಲ್ಲಿಗೆ ರೈಲಿನಲ್ಲೇ ಹೋಗಬೇಕು. ನಮ್ಮವರು ಊರುಗೋಲು ಹಿಡಿದು ಅಂಗವಿಕಲರ ಡಬ್ಬಿ ಹತ್ತಿದರು. ರೈಲ್ವೆಯ ವಕೀಲರು ಗರಿಗರಿ ಅಂಗಿಯ ಶಾಂತ ಮನುಷ್ಯ. ಯಾರೂ ನೋಡುವುದಿಲ್ಲವೆಂದು ನಮ್ಮ ಸೀನಿಯರು ನಂಬಿದ್ದನ್ನೆಲ್ಲ ಅವರು ನೋಡಿಯೇ ಬಂದಿದ್ದರು. ಭಾನುವಾರ ಮಧ್ಯಾಹ್ನ ಬದಲಾಪುರದಿಂದ ಹೊರಟ ಗಾಡಿಯಲ್ಲಿ ವಿಪರೀತ ಗರ್ದಿ ಇತ್ತೇ ಎಂಬುದೇ ಅವರ ಮೊದಲ ಪ್ರಶ್ನೆ. ನಮ್ಮವರು ಇರಲಿಲ್ಲ ಎಂದರು. ಸೀನಿಯರು ಹಲ್ಲು ಕಡಿದದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಸೀಟು ಖಾಲಿ ಇದ್ದವೇ? ಇದ್ದವು. ಹಾಗಾದರೆ ಕೂರದೆ ಬಾಗಿಲಲ್ಲಿ ನಿಂತದ್ದು ಯಾಕೆ, ಗಾಳಿ ತಿನ್ನಲೋ, ಸರ್ಕಸ್ಸು ಮಾಡಲೋ ಎಂದು ವಕೀಲರು ಕೇಳಿದರು. ನಮ್ಮವರ ಹಿಂದಿ ಇಲ್ಲಿ ಕೈಕೊಟ್ಟಿತು, ಕನ್ನಡಕ್ಕೆ ಹೊರಳಿದರು. ಪೀಠದಲ್ಲಿದ್ದ ಮೆಂಬರ್ ಸಾಹೇಬರು ಎದುರು ಪಕ್ಷದ ಒಪ್ಪಿಗೆ ಕೇಳಿ, ಅನುವಾದಿಸಲು ನನಗೇ ಹೇಳಿದರು.

"ಸೀಟ ಖಾಲಿ ಇದ್ವುರಿ. ಖರೆ ನಮ್ಮ ಅರಿವಿ ತುಂಬಾ ಸಿಮೆಂಟ ಇರ್ತೈತ್ರಿ. ಕುಂತ್ರ ಮಂದಿ ಏಳಂತಾರ. ಅವ್ರು ಏಳ್ಸೂಕಿಂತ ಮೊದಲ ನಾವ ಹೋಗಿ ಬಾಗಲದಾಗ ನಿಂದರ್ತೀವ್ರಿ."

ನಾನು ಒಂದು ಪದ ಸೇರಿಸದೆ, ಒಂದು ಪದ ಬಿಡದೆ ಅನುವಾದಿಸಿದೆ. ರೈಲ್ವೆಯ ವಕೀಲರು ಪಾಟೀಸವಾಲು ಮುಗಿಯಿತೆಂದು ಕೂತರು. ಮೆಂಬರ್ ಸಾಹೇಬರು ಅದನ್ನು ತಾವೇ ಬರೆದುಕೊಂಡು, ಈಗ ಮನೆ ಹೇಗೆ ನಡೆಯುತ್ತಿದೆ ಎಂದು ವಿಚಾರಿಸಿದರು. ಅಫಿಡವಿಟ್ ಸುಳ್ಳಾದರೂ ಮನುಷ್ಯ ಸುಳ್ಳಲ್ಲ ಎಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಗೆದ್ದೆವು ಎಂದುಕೊಂಡೇ ನಾನು ಅವತ್ತು ಡೊಂಬಿವಲಿಗೆ ಮರಳಿದೆ. ನನಗೆ ಬಹಳ ಸಂತೋಷವಾಗಿತ್ತು.

ಠಾಣೆ ದಾಟುವುದರೊಳಗೆ ಫೋನು ಟಿಣ್ ಟಿಣ್ ಎನ್ನತೊಡಗಿತು. ಸೀನಿಯರು ಗುಂಪಿಗೆ ಬರೆದಿದ್ದರು. ಇಂದು ನಮ್ಮ ಸಾಕ್ಷಿ ಎದುರು ವಕೀಲರ ಬಾಯಿ ಮುಚ್ಚಿಸಿದ. ಖಾಲಿ ಗಾಡಿಯ ಪ್ರಶ್ನೆ ಬರಬಹುದೆಂದು ಮೊದಲೇ ಊಹಿಸಿ ಈ ಉತ್ತರವನ್ನು ತಯಾರು ಮಾಡಿಸಿಟ್ಟಿದ್ದೆವು. ಮಿತ್ರರು ಅಗತ್ಯ ಬಿದ್ದಲ್ಲಿ ಬಳಸಿಕೊಳ್ಳಬಹುದು. ಕೆಳಗೆ ಸಿಮೆಂಟಿನ ಮಾತು, ಚೆಂದದ ಇಂಗ್ಲಿಷಿನಲ್ಲಿ. ಅದರ ಕೆಳಗೆ ಹೆಬ್ಬೆರಳು, ಚಪ್ಪಾಳೆ, ಕೈಮುಗಿದ ಚಿತ್ರ. ಒಬ್ಬರು 'ಗುರುದೇವ' ಎಂದು ಬರೆದಿದ್ದರು.

ಆ ಮನುಷ್ಯನನ್ನು ಒಂದು ಸಲವೂ ಎದುರು ಕೂರಿಸಿ ಮಾತಾಡಿಸದವರು, ಅವನ ಬಾಯಿಂದ ಬಂದದ್ದನ್ನು ತಾವು ತಯಾರು ಮಾಡಿಸಿದ್ದು ಎಂದು ಬರೆದುಕೊಂಡಿದ್ದರು. ನನಗೆ ಅಸಹ್ಯವಾಯಿತು. ಮರುದಿನ ಕಚೇರಿಗೆ ಹೋದವಳೇ, ಅದನ್ನು ಅಳಿಸಿ ಎಂದೆ. ಆ ಕಾಲದ ವಾಟ್ಸಾಪಿನಲ್ಲಿ ಅಳಿಸಿದರೆ ಅಳಿಸಿದವರ ಫೋನಿನಲ್ಲಿ ಮಾತ್ರ ಹೋಗುತ್ತಿತ್ತು. ಹಾಗಾದರೆ ಇದು ಸಾಕ್ಷಿಯ ಸ್ವಂತ ಮಾತು, ನಾವು ಹೇಳಿಕೊಟ್ಟದ್ದಲ್ಲ ಎಂದು ಇನ್ನೊಂದು ಸಾಲು ಬರೆಯಿರಿ ಎಂದೆ.

"ನಾಲ್ಕು ಜನಕ್ಕೆ ಉಪಕಾರ ಆದ್ರೆ ನಿನಗೆಂತ ನಷ್ಟ?" ಎಂದರು ಸೀನಿಯರು.

ನಷ್ಟ ನನಗಲ್ಲ ಎಂದು ಹೇಳಿ ಹೊರಗೆ ಬಂದೆ. ತಂದೆ ಹಾಕಿದ ಒಂದು ಮಾತಿನ ದಾಕ್ಷಿಣ್ಯ ಇಲ್ಲದಿದ್ದರೆ ಅವತ್ತೇ ಕೆಲಸ ಬಿಡುತ್ತಿದ್ದೆ.

ನಾಲ್ಕು ಜನಕ್ಕೆ ಉಪಕಾರವಾದ ರೀತಿ ಹೀಗೆ. ಡೊಂಬಿವಲಿಯ ಒಬ್ಬರ ಕಕ್ಷಿದಾರ ದಿವಾ ಬಳಿ ಬಿದ್ದಿದ್ದ, ಅವನ ಬಟ್ಟೆಗೆ ಸಿಮೆಂಟು ಬಂತು. ಕಲ್ಯಾಣದ ಒಬ್ಬರು ಸಿಮೆಂಟಿನ ಬದಲು ಬಣ್ಣ ಹಾಕಿದರು. ಬೇಲಾಪುರದ ಒಬ್ಬರ ಕಕ್ಷಿದಾರನಂತೂ ಪಾತ್ರೆ ಅಂಗಡಿಯಲ್ಲಿ ಲೆಕ್ಕ ಬರೆಯುವವ. ಅವನೂ ಸಿಮೆಂಟು ಮೆತ್ತಿಕೊಂಡು ಬಾಗಿಲಲ್ಲಿ ನಿಂತ. ಮೊದಲು ಎಲ್ಲರ ಗಾಡಿಯಲ್ಲೂ ಗರ್ದಿ ಇದ್ದ ಹಾಗೆ ಈಗ ಎಲ್ಲರ ಗಾಡಿಯೂ ಖಾಲಿಯಾಯಿತು. ಬೆಳಗಿನ ದಟ್ಟಣೆಯ ಹೊತ್ತಿನ ಗಾಡಿ ಕೂಡ ಒಂದು ಅಫಿಡವಿಟ್ಟಿನಲ್ಲಿ ಖಾಲಿ ಓಡಿತು.

ನಮ್ಮ ಕೇಸಿನಲ್ಲಿ ಆದೇಶ ಬರಲಿಲ್ಲ. ಇವತ್ತು ನಾಳೆ ಎನ್ನುತ್ತಲೇ ಆ ಮೆಂಬರ್ ಸಾಹೇಬರು ನಿವೃತ್ತರಾದರು. ಹೊಸಬರು ಬರುವಷ್ಟರಲ್ಲಿ ಒಂದು ಮಳೆಗಾಲ ಕಳೆಯಿತು. ಅವರು ವಾದವನ್ನು ಮತ್ತೆ ಮೊದಲಿನಿಂದ ಕೇಳುತ್ತೇನೆ ಎಂದರು. ಅಷ್ಟರೊಳಗೆ ಅವರ ಮುಂದೆ ಸಿಮೆಂಟಿನ ಅಫಿಡವಿಟ್ಟುಗಳು ಬಂದು ಹೋಗಿದ್ದವು. ನಮ್ಮ ಸರದಿ ಬಂದ ದಿನ ಸೀನಿಯರಿಗೆ ನವಿ ಮುಂಬೈಯಲ್ಲಿ ಉಪನ್ಯಾಸವಿತ್ತು, ಅಪಘಾತ ಪ್ರಕರಣಗಳಲ್ಲಿ ತಂತ್ರಜ್ಞಾನದ ಬಳಕೆಯ ಬಗ್ಗೆ. ವಾದಕ್ಕೆ ನಾನೇ ನಿಂತೆ.

ಅದೇ ರೈಲ್ವೆ ವಕೀಲರು, ಅದೇ ಗರಿಗರಿ ಅಂಗಿ. ನಮ್ಮ ನಂತರ ಬಂದ ಮೂರು ನಾಲ್ಕು ಅಫಿಡವಿಟ್ಟುಗಳ ಪ್ರತಿ ಕೊಟ್ಟು ಸಾಲುಗಳನ್ನು ನಮ್ಮವರ ಉತ್ತರದೊಡನೆ ಹೋಲಿಸಿ ತೋರಿಸಿದರು. ನಮ್ಮದು ಎಲ್ಲಕ್ಕಿಂತ ಮೊದಲಿನದು, ಉಳಿದವು ಇದನ್ನು ನೋಡಿ ಬರೆದವು ಎಂದು ನಾನು ಹೇಳಿದೆ. ಹೌದು, ಮೊದಲಿನದೇ ಎಂದು ಅವರೂ ಒಪ್ಪಿದರು, ಒಪ್ಪಿ ಜೇಬಿನಿಂದ ಫೋನು ತೆಗೆದರು. ಗುಂಪಿನಲ್ಲಿ ಅವರೂ ಇದ್ದರು. ಯಾರು ಸೇರಿಸಿದರೋ ಯಾವಾಗ ಸೇರಿಸಿದರೋ, ಸೇರುತ್ತೇನೆ ಎಂದವರನ್ನೆಲ್ಲ ನಮ್ಮ ಸೀನಿಯರು ಕೈ ಹಿಡಿದು ಒಳಗೆ ಕರೆದುಕೊಂಡಿದ್ದರು. ಅವತ್ತಿನ ಸಂದೇಶವನ್ನು ಅವರು ನಿಧಾನವಾಗಿ, ಒಂದು ಪದವೂ ತಪ್ಪದಂತೆ ಓದಿದರು. ಈ ಉತ್ತರವನ್ನು ತಯಾರು ಮಾಡಿಸಿಟ್ಟಿದ್ದೆವು. ಓದಿ ಮುಗಿಸಿ, ಅದನ್ನು ಅನುವಾದಿಸಿದವರೂ ಅರ್ಜಿದಾರರ ವಕೀಲರೇ ಎಂದು ನನ್ನ ಕಡೆ ತಲೆಬಾಗಿ ಕೂತರು.

ಸಂದೇಶ ಸುಳ್ಳು ಎಂದೆ. ನಿಮ್ಮ ಸೀನಿಯರು ತಮ್ಮದೇ ಸಾಕ್ಷಿಯ ಬಗ್ಗೆ ಸುಳ್ಳು ಬರೆದರೇ ಎಂದು ಮೆಂಬರ್ ಸಾಹೇಬರು ಕೇಳಿದರು. ಹೌದು ಎಂದೆ. ಅಫಿಡವಿಟ್ಟಿನ ಗರ್ದಿಯೂ ಸುಳ್ಳು, ಸಂದೇಶವೂ ಸುಳ್ಳು, ಹಾಗಿದ್ದರೆ ಉತ್ತರವೊಂದು ಮಾತ್ರ ನಿಜ ಎಂದು ನಂಬುವುದು ಹೇಗೆ ಎಂದರು. ಅವರ ಜಾಗದಲ್ಲಿ ನಾನಿದ್ದರೂ ಬಹುಶಃ ಅದನ್ನೇ ಕೇಳುತ್ತಿದ್ದೆ. ಅರ್ಜಿ ವಜಾ ಆಯಿತು. ಖಾಲಿ ಗಾಡಿಯಲ್ಲಿ ತಾನಾಗಿ ಅಪಾಯ ತಂದುಕೊಂಡವನು, ಹೇಳಿಕೊಟ್ಟ ಮಾತು ಹೇಳಿದವನು ಎಂದು ಆದೇಶದಲ್ಲಿ ಬರೆದಿತ್ತು.

ಆ ಆದೇಶವನ್ನೂ ಸೀನಿಯರು ಗುಂಪಿಗೆ ಹಾಕಿದರು. ಸಾಕ್ಷಿಯ ತಯಾರಿಯಲ್ಲಿ ಕೊರತೆಯಾದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ, ಕಿರಿಯ ವಕೀಲರು ಗಮನಿಸಬೇಕು ಎಂದು ಮೇಲೆ ಒಂದು ಸಾಲು. ಅದಕ್ಕೂ ಹೆಬ್ಬೆರಳು ಬಿದ್ದವು. ನಾನು ಗುಂಪಿನಿಂದ ಹೊರಬಂದೆ, ಅದೇ ವಾರ ಕಚೇರಿಯಿಂದಲೂ. ತಂದೆ ಕೆಲವು ದಿನ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

ಅದಕ್ಕೂ ಮೊದಲು ಒಂದು ಬೆಳಿಗ್ಗೆ ನಾನು ಶಹಾಡಿಗೆ ಹೋಗಿದ್ದೆ. ಫೋನಿನಲ್ಲಿ ಹೇಳುವ ವಿಷಯ ಅದಾಗಿರಲಿಲ್ಲ. ಚಾಳಿನ ಕೋಣೆಯಲ್ಲಿ ಅವರು ಗೋಡೆಗೆ ಒರಗಿ ಕೂತಿದ್ದರು, ಹೆಂಡತಿ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದಳು. ಕೇಸು ಬಿದ್ದುಹೋಯಿತು ಎಂದೆ. ಹೈಕೋರ್ಟಿಗೆ ಅಪೀಲು ಹಾಕಬಹುದು, ನಾನೇ ಹಾಕುತ್ತೇನೆ, ಫೀಸು ಬೇಡ, ಆದರೆ ವರ್ಷಗಟ್ಟಲೆ ಕಾಯಬೇಕಾಗುತ್ತದೆ ಎಂದೆ. ಆಕೆ ಕೈಯಲ್ಲಿದ್ದ ಬುತ್ತಿಯ ಗಂಟನ್ನು ಕೆಳಗಿಟ್ಟು ಕೇಳಿಸಿಕೊಂಡಳು. ಅವರಿಗೆ ಕಾರಣ ತಿಳಿಯಬೇಕಿತ್ತು. ನಾನು ಏನನ್ನೂ ಮುಚ್ಚಿಡದೆ ಹೇಳಿದೆ. ನಿಮ್ಮ ಮಾತನ್ನು ನಮ್ಮ ಕಚೇರಿಯವರು ಫೋನಿನಲ್ಲಿ ಊರಿಗೆಲ್ಲ ಹಂಚಿದರು, ಬೇರೆ ವಕೀಲರು ಅದನ್ನು ತಮ್ಮ ತಮ್ಮ ಜನರ ಹೆಸರಿನಲ್ಲಿ ಬರೆದರು, ಕೊನೆಗೆ ನಿಮ್ಮದೂ ಕಲಿಸಿದ ಮಾತು ಎಂದಾಯಿತು.

ಅವರು ಸಿಟ್ಟಾಗಲಿ ಎಂದು ನಾನು ಕಾದೆ. ಸಿಟ್ಟಾಗಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು. ಅವರು, ಆ ಮಂದಿಯೂ ತನ್ನಂತೆ ಬಾಗಿಲಲ್ಲಿ ನಿಂತಿದ್ದರೇ ಎಂದು ಕೇಳಿದರು. ಇಲ್ಲ ಎಂದೆ.

"ಹಂಗಾರ ಅವ್ರ್ಯಾಕ್ರಿ ಅಕ್ಕಾರ, ನನ್ನ ಅರಿವಿ ಹಾಕ್ಕೊಂಡ್ರು?"

ಹೆಂಡತಿ ಎದ್ದು, ಸೈಟಿನ ಹೆಂಗಸರು ಹಾಕಿಕೊಳ್ಳುವ ಹಾಗೆ ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟುಕೊಂಡಳು. ಅದರ ತೋಳು, ಬೆನ್ನು ಎಲ್ಲ ಸಿಮೆಂಟು ಗಟ್ಟಿಯಾಗಿ ಬೂದಿಬಣ್ಣಕ್ಕೆ ತಿರುಗಿತ್ತು. ನಾವಿಬ್ಬರೂ ಒಟ್ಟಿಗೇ ಸ್ಟೇಷನ್ನಿಗೆ ನಡೆದೆವು. ಕಲ್ಯಾಣದ ಕಡೆಯ ಗಾಡಿ ಬಂತು, ಹೆಂಗಸರ ಡಬ್ಬಿಯಲ್ಲಿ ಜಾಗವಿತ್ತು. ನನ್ನ ಪಕ್ಕದ ಸೀಟು ತೋರಿಸಿ ಬನ್ನಿ ಎಂದು ಎರಡು ಸಲ ಕರೆದೆ. ಆಕೆ ಬೇಡವೆಂದು ಕೈಯಲ್ಲಾಡಿಸಿ ಬಾಗಿಲ ಬಳಿಯ ಕಂಬ ಹಿಡಿದು ನಿಂತಳು.